ಮಗಳನ್ನು ಬೇಡಿದ ಉಪಾಧ್ಯಾಯಿನಿ: ಮಿಸ್ ಫಿಡೀಲಿಯ ಫಿಸ್ಕ್‌ರವರ ಜೀವಿತ



ಪ್ರತಿವರ್ಷವೂ ಶಾಲೆ ತೆರೆದ ಮೊದಲನೆಯ ವಾರದಲ್ಲಿ ನಮ್ಮ ಬೋರ್ಡಿಂಗಿನ ಜಗಲಿಯ ಮೇಲೆ ಒಂದು ನೋಟವನ್ನು ನಾನು ಕಾಣುತ್ತೇನೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಂಬವನ್ನು ಹಿಡಿದುಕೊಂಡು ಗೇಟಿನ ಕಡೆಗೇ ನೋಡುತ್ತ ನಿಂತಿರುವಳು. ಗೇಟಿನಾಚೆ ಅವಳ ತಾಯಿಯು ಬಸ್ಸಿಗೆ ಹೊತ್ತಾಯಿತೆಂದು ಹೇಳುತ್ತಲೇ ಹೋಗಲಾರದೆ, ಇನ್ನೊಮ್ಮೆ ತಿರುಗಿ, ಸೆರಗಿನಿಂದ ಮೋರೆಯೊರಸಿಕೊಂಡು ನಡೆಯುವಳು. ಹುಡುಗಿಯು ವಾರವೊಂದು ಕಳೆಯುವಷ್ಟರಲ್ಲಿ ಆಟದ ಬಯಲಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿರುವಳು; ತಾಯಿಗೆ ಸಮಾಧಾನವಾಗಲು ಮಾತ್ರ ಬಹು ದಿನಗಳು ಬೇಕು. ನಿಮ್ಮಲ್ಲಿ ಅನೇಕರು ಮೊದಲು ಕಂಬ ಹಿಡಿದವರಾಗಿಯೂ ಆಮೇಲೆ ಗೇಟಿನಾಚೆ ನಿಂತವರಾಗಿಯೂ ಈ ಎರಡು ದುಃಖಗಳನ್ನೂ ಬಲ್ಲಿರಿ.

ಈ ಸಂಚಿಕೆಗೆ ಒಂದು ಜೀವಚರಿತ್ರೆಯನ್ನು ಬರೆದುಕೊಡಬೇಕೆಂದು ನನ್ನನ್ನು ಕೇಳಿದಾಗ, ಹೆಣ್ಣುಮಕ್ಕಳ ಶಾಲೆಗಾಗಿ ಊರೂರಲ್ಲಿ ಮಗಳನ್ನು ಕೊಡಿರೆಂದು ಬೇಡಿದ, ಆದರೆ ಅದಕ್ಕಿಂತ ಮೊದಲು ತಾನೇ ಒಬ್ಬ ವಿಧವೆ ತಾಯಿಯಿಂದ ಬೇಡಲ್ಪಟ್ಟ ಮಗಳಾಗಿದ್ದ ಉಪಾಧ್ಯಾಯಿನಿಯೊಬ್ಬರು ನನ್ನ ನೆನಪಿಗೆ ಬಂದರು. ಅವರು ಪಾರಸಿಕ ದೇಶದಿಂದ ಅಮೇರಿಕೆಯಲ್ಲಿದ್ದ ತಾಯಿಗೂ ಗೆಳತಿಯರಿಗೂ ಬರೆದ ಕಾಗದಗಳಿಂದಲೇ ಅವರ ಚರಿತ್ರೆಯ ಬಹುಭಾಗವು ನಮಗೆ ತಿಳಿದುಬಂದಿದೆ.

ಫಿಡೀಲಿಯ ಫಿಸ್ಕ್ ಎಂಬವಳು 1816ನೆಯ ಇಸವಿ ಮೇ 1ರಂದು ಅಮೇರಿಕೆಯ ಮಸಾಚುಸೆಟ್ಸ್ ಸೀಮೆಯ ಷೆಲ್ಬರ್ನ್ ಎಂಬ ಬೆಟ್ಟದೂರಿನಲ್ಲಿ ಹುಟ್ಟಿದಳು. ತಂದೆ ರೂಫಸ್ ಫಿಸ್ಕ್, ತಾಯಿ ಹನ್ನ. ಬೇಸಾಯದ ಮನೆ, ಐಶ್ವರ್ಯವಿಲ್ಲದಿದ್ದರೂ ಪುಸ್ತಕಗಳಿಗೂ ಪ್ರಾರ್ಥನೆಗೂ ಕೊರತೆಯಿರಲಿಲ್ಲ. ದೊಡ್ಡವರೂ ಅರ್ಧಕ್ಕೆ ಮುಚ್ಚಿಡುವಂಥ ದಪ್ಪನೆಯ ಸಭಾಚರಿತ್ರೆಗಳನ್ನು ಈ ಹುಡುಗಿಯು ಚಿಕ್ಕಂದಿನಲ್ಲಿಯೇ ಓದಿದಳೆಂದು ಹೇಳುತ್ತಾರೆ. ಅವಳಿಗೆ ಮೂರು ವರ್ಷವಾಗಿದ್ದಾಗ ಚಿಕ್ಕಪ್ಪನ ವರಸೆಯ ಪ್ಲಿನಿ ಫಿಸ್ಕ್ ಎಂಬವರು ಮಿಷನರಿಯಾಗಿ ಪಾಲೆಸ್ತೀನಕ್ಕೆ ಹಡಗು ಹತ್ತಿದರು. ಅವರು ಮರಳಿ ಬರಲಿಲ್ಲ. 1825ರಲ್ಲಿ ಬೇರೂತಿನಲ್ಲಿ ತೀರಿಕೊಂಡರು. ಆದುದರಿಂದ ಆ ಮನೆಯವರಿಗೆ ಪೂರ್ವದೇಶವೆಂಬುದು ಬರಿಯ ಭೂಪಟದ ಬಣ್ಣವಾಗಿರಲಿಲ್ಲ. ಅಲ್ಲಿಗೆ ಹೋದವರ ಕಾಗದಗಳು ಬರುವುವು, ಒಂದು ದಿನ ಕಾಗದಗಳು ನಿಂತುಹೋಗುವುವು ಎಂಬುದನ್ನು ಅವರು ಬಲ್ಲವರಾಗಿದ್ದರು. ಮುಂದೆ ನಡೆದುದನ್ನು ಓದುವಾಗ ಇದನ್ನು ಮರೆಯಬಾರದು.

ದೊಡ್ಡವಳಾದ ಮೇಲೆ ಫಿಡೀಲಿಯಳು ಹಳ್ಳಿಯ ಶಾಲೆಗಳಲ್ಲಿ ಕೆಲವು ಕಾಲ ಪಾಠ ಹೇಳಿ, ಬಳಿಕ ಮೌಂಟ್ ಹೋಲಿಯೋಕ್ ವಿದ್ಯಾಶಾಲೆಯನ್ನು ಸೇರಿದಳು. ಈ ಶಾಲೆಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಲೇಬೇಕು. ಮೇರಿ ಲೈಯನ್ ಎಂಬ ಉಪಾಧ್ಯಾಯಿನಿಯು, ಬಡ ಹಾಗೂ ಮಧ್ಯಮ ಸ್ಥಿತಿಯ ಹುಡುಗಿಯರಿಗೂ ಗಂಡುಮಕ್ಕಳಿಗೆ ಸಿಕ್ಕುವಂಥ ವಿದ್ಯೆ ದೊರೆಯಬೇಕೆಂದು, ಮನೆಮನೆಗೆ ಹೋಗಿ ಹಣ ಕೂಡಿಸಿ, 1837ರ ನವೆಂಬರ್ 8ರಂದು ಸೌತ್ ಹ್ಯಾಡ್ಲಿಯಲ್ಲಿ ಇದನ್ನು ತೆರೆದರು. ಅಡಿಗೆ, ಗುಡಿಸುವುದು, ಬಟ್ಟೆ ಒಗೆಯುವುದು ಎಲ್ಲವನ್ನೂ ವಿದ್ಯಾರ್ಥಿನಿಯರೇ ಸರದಿಯಂತೆ ಮಾಡುತ್ತಿದ್ದುದರಿಂದ ಖರ್ಚು ಬಹಳ ಕಡಮೆ. ಓದಿನ ಮಧ್ಯದಲ್ಲಿ ಫಿಡೀಲಿಯಳಿಗೆ ಕಠಿನವಾದ ವಿಷಮಜ್ವರ ಬಂದು ಒಂದು ವರ್ಷದಷ್ಟು ಕಾಲ ಹಿಂದುಳಿಯಬೇಕಾಯಿತು. ಆದರೂ 1842ರಲ್ಲಿ ಓದು ಮುಗಿಸಿ ಅಲ್ಲಿಯೇ ಉಪಾಧ್ಯಾಯಿನಿಯಾದಳು. ಇಷ್ಟರೊಳಗೆ ತಂದೆಯು ತೀರಿಹೋಗಿ ತಾಯಿಯು ವಿಧವೆಯಾಗಿದ್ದಳು.

1843ರ ಆರಂಭದಲ್ಲಿ ಜಸ್ಟಿನ್ ಪರ್ಕಿನ್ಸ್ ಎಂಬ ಮಿಷನರಿಯು ಆ ಶಾಲೆಗೆ ಬಂದರು. ಪಾರಸಿಕ ದೇಶದ ವಾಯವ್ಯ ಮೂಲೆಯಲ್ಲಿ, ಉಪ್ಪುನೀರಿನ ದೊಡ್ಡ ಸರೋವರದ ಪಡುವಣ ದಿಕ್ಕಿನಲ್ಲಿರುವ ಊರ್ಮಿಯ ಪಟ್ಟಣದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಪುರಾತನ ಕಾಲದ ಕ್ರೈಸ್ತರು ವಾಸವಾಗಿದ್ದರು. ಅವರನ್ನು ಆಗ ನೆಸ್ಟೋರಿಯರೆಂದು ಕರೆಯುತ್ತಿದ್ದರು. ಈಗ ಅವರು ಅಸ್ಸೀರಿಯರೆಂಬ ಹೆಸರನ್ನು ಬಳಸುತ್ತಾರೆ. ಇವರ ಪೂರ್ವಿಕರ ಸಭೆಯು ನಮ್ಮ ಮಲೆಯಾಳದ ಕರಾವಳಿಯ ಸುರಿಯಾನಿ ಕ್ರೈಸ್ತರೊಡನೆಯೂ ನೂರಾರು ವರ್ಷಗಳ ಸಂಬಂಧವನ್ನು ಇಟ್ಟುಕೊಂಡಿತ್ತು. ಅವರ ಪ್ರಾರ್ಥನಾಗ್ರಂಥಗಳು ಹಳೆಯ ಸುರಿಯಾನಿ ಭಾಷೆಯಲ್ಲಿದ್ದು ಜನರಿಗೆ ತಿಳಿಯುತ್ತಿರಲಿಲ್ಲ. ಗಂಡಸರಲ್ಲಿಯೇ ಓದಬಲ್ಲವರು ಕಡಮೆ. ಹೆಂಗಸರಲ್ಲಿಯಂತೂ, ಮಹಾಧ್ಯಕ್ಷರಾದ ಮಾರ್ ಷಿಮೋನರ ತಂಗಿ ಹೆಲೆನೆಯನ್ನು ಬಿಟ್ಟರೆ, ಅಕ್ಷರ ಬಲ್ಲವಳು ಒಬ್ಬಳೂ ಇರಲಿಲ್ಲವೆಂದು ಮಿಷನರಿಗಳು ಬರೆದಿಟ್ಟಿದ್ದಾರೆ. ಜೂಡಿತ್ ಗ್ರ್ಯಾಂಟ್ ಎಂಬ ವೈದ್ಯ ಮಿಷನರಿಯ ಹೆಂಡತಿಯು 1838ರಲ್ಲಿ ನಾಲ್ಕು ಹುಡುಗಿಯರನ್ನು ಕೂಡಿಸಿ ಪಾಠ ಆರಂಭಿಸಿದ್ದಳು. ಮರುವರ್ಷವೇ, ಇನ್ನೂ ಇಪ್ಪತ್ತೈದರ ಪ್ರಾಯದಲ್ಲಿ, ಆಕೆಯು ಮೃತಳಾದಳು. ಆ ಹಗಲುಶಾಲೆಯನ್ನು ಬೋರ್ಡಿಂಗ್ ಶಾಲೆಯನ್ನಾಗಿ ಮಾಡಲು ಒಬ್ಬರೋ ಇಬ್ಬರೋ ಉಪಾಧ್ಯಾಯಿನಿಯರು ಬೇಕೆಂಬುದು ಪರ್ಕಿನ್ಸ್‌ರವರ ಬೇಡಿಕೆ.

ಮೇರಿ ಲೈಯನ್‌ರವರು ಈ ಬೇಡಿಕೆಯನ್ನು ಶಾಲೆಯ ಮುಂದೆ ಇಟ್ಟು, ಮನಸ್ಸುಳ್ಳವರು ಚೀಟಿಯಲ್ಲಿ ಬರೆದುಕೊಡಬೇಕೆಂದರು. ಸುಮಾರು ನಲವತ್ತು ಚೀಟಿಗಳು ಬಂದುವು. ಕೆಲವರು ಪುಟಗಟ್ಟಲೆ ಬರೆದಿದ್ದರು. ಫಿಡೀಲಿಯಳ ಚೀಟಿಯಲ್ಲಿ ಮಾತ್ರ, ತಾನು ಯೋಗ್ಯಳೆಂದು ತೋರಿದರೆ ಹೋಗಲು ಸಿದ್ಧಳೆಂಬಷ್ಟೇ ಇತ್ತು. ಆರಿಸುವವರಿಗೆ ಆ ಚಿಕ್ಕ ಚೀಟಿಯೇ ಸಾಕಾಯಿತು. ಆದರೆ ಬಂಧುಗಳು ಒಪ್ಪಲಿಲ್ಲ. ಜ್ವರದಿಂದ ಬಳಲಿದ ದೇಹವೆಂದೂ ವಿಧವೆ ತಾಯಿಯೆಂದೂ ಕಾರಣಗಳನ್ನು ಹೇಳಿದರು. ಅವು ಸಣ್ಣ ಕಾರಣಗಳಲ್ಲ. ಫಿಡೀಲಿಯಳು ಹಿಂದೆಗೆದಳು. ಬೇರೆ ಏರ್ಪಾಡು ನೆರವೇರದೆ ಹೋಗಲು, ಹಡಗು ಹೊರಡಲು ಕೆಲವೇ ದಿನಗಳಿರುವಾಗ ಅದೇ ಪ್ರಶ್ನೆಯು ಮತ್ತೆ ಅವಳೆದುರಿಗೆ ಬಂದು ನಿಂತಿತು.

ಆಗ ಮೇರಿ ಲೈಯನ್‌ರವರು ಮಾಡಿದುದನ್ನು ನೆನೆದಾಗಲೆಲ್ಲ, ಮುಖ್ಯೋಪಾಧ್ಯಾಯಿನಿಯ ಕುರ್ಚಿಯಲ್ಲಿ ಕುಳಿತಿರುವ ನನಗೆ ನಾಚಿಕೆಯಾಗುತ್ತದೆ. ನಾವು ಎಷ್ಟು ಸುಲಭವಾಗಿ ಒಂದು ಕಾಗದ ಬರೆದು ಕೈತೊಳೆದುಕೊಳ್ಳುತ್ತೇವೆ! ಅವರು ಕಾಗದ ಬರೆಯಲಿಲ್ಲ. ಫೆಬ್ರುವರಿಯ ಚಳಿಗಾಲ, ದಾರಿಯೆಲ್ಲ ಹಿಮದ ರಾಶಿ. ಫಿಡೀಲಿಯಳನ್ನು ಕರೆದುಕೊಂಡು, ಹಿಮದ ಮೇಲೆ ಜಾರುವ ಚಕ್ರವಿಲ್ಲದ ಗಾಡಿಯಲ್ಲಿ ಮೂವತ್ತು ಮೈಲಿ ಪ್ರಯಾಣ ಮಾಡಿ, ರಾತ್ರಿ ಹನ್ನೊಂದು ಗಂಟೆಯ ಹೊತ್ತಿಗೆ ಷೆಲ್ಬರ್ನಿನ ಮನೆಯ ಬಾಗಿಲನ್ನು ತಟ್ಟಿದರು. ಮಲಗಿದ್ದ ಮನೆಯವರು ಎದ್ದು ದೀಪ ಹಚ್ಚಿದರು. ಇಷ್ಟು ಹೊತ್ತಿನಲ್ಲಿ ಏತಕ್ಕೆ ಬಂದರೆಂದು ಆ ತಾಯಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಆ ರಾತ್ರಿಯೂ ಮರುದಿನವೂ ಆ ಮನೆಯಲ್ಲಿ ಮಾತುಕತೆಯಾಯಿತು, ಪ್ರಾರ್ಥನೆಯಾಯಿತು. ಒತ್ತಾಯ ಮಾಡುವುದಕ್ಕಾಗಿ ಮೇರಿ ಲೈಯನ್‌ರವರು ಬಂದಿರಲಿಲ್ಲವೆಂದು ನಾನು ನಂಬುತ್ತೇನೆ. ಒತ್ತಾಯದಿಂದ ಪಡೆದ ಮಗಳು ಇನ್ನೊಬ್ಬರ ಮಗಳನ್ನು ಹೇಗೆ ಬೇಡಿಯಾಳು? ಕೊನೆಗೆ ತಾಯಿಯು ಒಪ್ಪಿಗೆಯನ್ನು ಕೊಟ್ಟಳು. ಪ್ಲಿನಿ ಫಿಸ್ಕ್‌ರು ಯಾವ ದಾರಿಯಲ್ಲಿ ಹೋಗಿ ಮರಳಲಿಲ್ಲವೋ ಅದೇ ದಾರಿಗೆ ಮಗಳನ್ನು ಕಳುಹಿಸುತ್ತಿರುವೆನೆಂಬುದನ್ನು ತಿಳಿದೇ ಕೊಟ್ಟಳು. 1843ನೆಯ ಮಾರ್ಚ್ 1ರಂದು ಬಾಸ್ಟನ್ ರೇವಿನಿಂದ ಹಡಗು ಹೊರಟಿತು. ಫಿಡೀಲಿಯಳಿಗೆ ಆಗ ಇಪ್ಪತ್ತಾರು ವರ್ಷ.

ಅದೇ ಹಡಗಿನಲ್ಲಿ ಪರ್ಕಿನ್ಸ್‌ರವರೊಡನೆ ಅಮೇರಿಕೆಯನ್ನು ನೋಡಿಕೊಂಡು ಹಿಂದಿರುಗುತ್ತಿದ್ದ ಮಾರ್ ಯೋಹನ್ನಾನ್ ಎಂಬ ನೆಸ್ಟೋರಿಯ ಬಿಷಪ್ಪರೂ ಇದ್ದರು. ಅವರಿಂದ ಹೊಸ ಉಪಾಧ್ಯಾಯಿನಿಯು ಸುರಿಯಾನಿ ಮಾತುಗಳನ್ನು ಕಲಿಯತೊಡಗಿದರು. ಮೊದಲು ಕೇಳಿ ಕಲಿತ ಮಾತು ಮಗಳು ಎಂಬುದು. ಎರಡನೆಯದು ಕೊಡು ಎಂಬುದು. ಬೇರೆಯವರಾದರೆ ನೀರು, ರೊಟ್ಟಿ, ದಾರಿ ಎಂಬ ಮಾತುಗಳಿಂದ ಆರಂಭಿಸುತ್ತಿದ್ದರು. ಈ ಎರಡೇ ಮಾತುಗಳ ಬಂಡವಾಳದಿಂದ ಫಿಸ್ಕ್ ಅಮ್ಮನವರು ಪರದೇಶದಲ್ಲಿ ಕಾಲಿಟ್ಟರು. ಸ್ಮುರ್ನ, ಕಾನ್‌ಸ್ಟಾಂಟಿನೋಪಲ್, ಕಪ್ಪು ಸಮುದ್ರದ ದಡದ ಟ್ರೆಬಿಜೊಂಡ್, ಅಲ್ಲಿಂದ ಎರ್ಜರೂಮಿನ ಮಲೆದಾರಿಯಲ್ಲಿ ಕುದುರೆಯ ಮೇಲೆ ವಾರಗಟ್ಟಲೆ ನಡೆದು, ಜೂನ್ ತಿಂಗಳ ಮಧ್ಯದಲ್ಲಿ ಊರ್ಮಿಯವನ್ನು ಮುಟ್ಟಿದರು.

ಅಂಚೆಯೂ ಇದೇ ದಾರಿಯಲ್ಲಿ ಹಿಂದುಮುಂದಾಗಿ ಹೋಗಬೇಕಾಗಿತ್ತು. ಈಗ ಬೋರ್ಡಿಂಗಿನ ಹುಡುಗಿಯು ಟೆಲಿಫೋನಿನಲ್ಲಿ ಒಂದು ನಿಮಿಷ ತಾಯಿಯ ಧ್ವನಿಯನ್ನು ಕೇಳಿದರೂ ಸಾಲದೆಂದು ಅಳುವಳು. ಊರ್ಮಿಯದಲ್ಲಿ ಬರೆದ ಕಾಗದವಾದರೋ ಕುದುರೆಯವರ ಚೀಲದಲ್ಲಿ ಬೆಟ್ಟಗಳನ್ನು ದಾಟಿ, ಹಡಗು ಬದಲಿಸಿ, ತಿಂಗಳುಗಳು ಕಳೆದ ಮೇಲೆ ಷೆಲ್ಬರ್ನಿಗೆ ತಲಪುತ್ತಿತ್ತು. ಮಗಳಿಗೆ ಜ್ವರವೆಂದು ತಾಯಿಯು ಓದಿ ಕಳವಳಪಡುವಷ್ಟರಲ್ಲಿ ಮಗಳು ಎದ್ದು ಪಾಠ ಹೇಳುತ್ತಿರಬಹುದು. ಕ್ಷೇಮವೆಂದು ಓದಿ ಸಂತೋಷಪಡುವಾಗ ಮಗಳು ಹಾಸಿಗೆ ಹಿಡಿದಿರಬಹುದು. ಇಂಥ ಕಾಗದಗಳಲ್ಲಿ ನಿಜವನ್ನು ಬರೆಯುವುದೋ ಒಳ್ಳೆಯದನ್ನು ಮಾತ್ರ ಬರೆಯುವುದೋ ಎಂಬ ಸಂದೇಹವು ಯಾರಿಗಾದರೂ ಬರುವುದು. ಫಿಸ್ಕ್ ಅಮ್ಮನವರು ನಿಜವನ್ನೇ ಬರೆದರು.

ಹಾಗೆ ತಿಳಿದುಬಂದ ನಿಜವು ಇಂತಿತ್ತು. ಹಳ್ಳಿಯ ಮನೆಯೆಂದರೆ ಒಂದೇ ಕೋಣೆ. ಅದರ ನಡುವೆ ನೆಲದಲ್ಲಿ ತೋಡಿದ ತಂದೂರಿ ಒಲೆ. ಸುತ್ತಲೂ ಅಜ್ಜ, ಅಜ್ಜಿ, ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಹೆಂಗಸರು ಹಗಲೆಲ್ಲ ಹೊಲದಲ್ಲಿಯೂ ದ್ರಾಕ್ಷಿತೋಟದಲ್ಲಿಯೂ ದುಡಿದು ಬಂದು ರಾತ್ರಿ ಅಡಿಗೆಮಾಡಿ ಗಂಡಸರು ಉಂಡ ಮೇಲೆ ಉಣ್ಣಬೇಕು. ಗಂಡನು ಹೊಡೆಯುವುದು ವಾಡಿಕೆ. ಹನ್ನೆರಡು ಹದಿಮೂರಕ್ಕೆ ಹುಡುಗಿಗೆ ಮದುವೆ. ಓದು ಕಲಿಯುವೆಯಾ ಎಂದು ಕೇಳಿದರೆ, ತಾನೇನು ಗುರುಗಳ ಪಟ್ಟಕ್ಕೆ ಏರಬೇಕೋ ಎಂದು ನಗುವರು. ಮನೆಯಿಂದ ಹೊರಗೆ ಮಲಗಿದ ಹುಡುಗಿಗೆ ಗಂಡು ಸಿಕ್ಕುವುದಿಲ್ಲವೆಂಬ ಭಯವು ಬೇರೆ. ಇವೆಲ್ಲ ಹೊಸದಾಗಿ ಬಂದ ಪರದೇಶಿಯ ಕಣ್ಣಿಗೆ ಕಂಡವು. ಮನೆಗಳಲ್ಲಿದ್ದ ಪ್ರೀತಿ, ಹಾಡು, ಅತಿಥಿಸತ್ಕಾರಗಳು ಆ ಮೊದಲಿನ ಬರಹಗಳಲ್ಲಿ ಕಡಮೆಯಾಗಿ ಕಾಣುವುವೆಂದು ಓದುವವರು ತಿಳಿದಿರಬೇಕು. ಆದರೂ ನಮ್ಮ ಸ್ವಂತ ನಾಡಿನ ಅಜ್ಜಿಯರ ಕಥೆಗಳನ್ನು ಕೇಳಿದವರಿಗೆ ಇವು ಅಷ್ಟೇನೂ ದೂರದ ಸಂಗತಿಗಳಾಗಿ ತೋರಲಾರವು.

ಹಗಲು ಬಂದು ಸಂಜೆ ಮನೆಗೆ ಹೋಗುವ ಹುಡುಗಿಯರಿಂದ ತನ್ನ ಉದ್ದೇಶವು ನೆರವೇರದೆಂದು ಫಿಸ್ಕ್ ಅಮ್ಮನವರು ಬೇಗನೆ ಕಂಡುಕೊಂಡರು. ಬೋರ್ಡಿಂಗನ್ನು ತೆರೆಯಲು 1843ರ ಅಕ್ಟೋಬರ್ 16ನ್ನು ಗೊತ್ತುಮಾಡಿದರು. ಕೋಣೆಗಳು ಸಿದ್ಧವಾದುವು, ಹಾಸಿಗೆಗಳು ಸಿದ್ಧವಾದುವು, ಹುಡುಗಿಯರು ಮಾತ್ರ ಇಲ್ಲ. ಬೇಡಿದ ಕಡೆಯಲ್ಲೆಲ್ಲ ಜನರು ತಲೆಯಾಡಿಸಿದ್ದರು. ಆ ದಿನ ಬಂದಿತು. ಅಂಗಳದಲ್ಲಿ ಮಾರ್ ಯೋಹನ್ನಾನರು ಒಂದೊಂದು ಕೈಯಲ್ಲಿ ಒಬ್ಬೊಬ್ಬ ಚಿಕ್ಕ ಹುಡುಗಿಯನ್ನು ಹಿಡಿದುಕೊಂಡು ಬರುವುದು ಕಂಡಿತು. ಅವರು ನೇರವಾಗಿ ಬಂದು ಆ ಎರಡು ಕೈಗಳನ್ನೂ ಫಿಸ್ಕ್ ಅಮ್ಮನವರ ಕೈಯಲ್ಲಿ ಇಟ್ಟು, ಇವರು ಇನ್ನು ನಿಮ್ಮ ಹೆಣ್ಣುಮಕ್ಕಳು, ನಿಮ್ಮ ಕೈಯಿಂದ ಇವರನ್ನು ಯಾರೂ ಕಿತ್ತುಕೊಳ್ಳಕೂಡದು ಎಂಬರ್ಥದ ಮಾತನ್ನು ಆಡಿದರು. ಬಿಷಪ್ಪರೇ ಕೊಟ್ಟುದನ್ನು ಕಂಡು ಇನ್ನು ಕೆಲವರಿಗೆ ಧೈರ್ಯ ಬಂದಿತು. ಬೋರ್ಡಿಂಗ್ ಶಾಲೆಯು ಹೀಗೆ ಆರಂಭವಾಯಿತು.

ಪುಸ್ತಕಕ್ಕಿಂತ ಮೊದಲು ನೀರು ಬೇಕಾಯಿತು. ಪ್ರತಿದಿನ ಸ್ನಾನ, ತಲೆಯ ಹೇನು ತೆಗೆಯುವುದು, ಬಟ್ಟೆ ಒಗೆಯುವುದು. ಕಲಿಸಬೇಕಾದವರು ಮೊದಲು ತಾವೇ ಮಾಡಿ ತೋರಿಸಬೇಕು. ಮೌಂಟ್ ಹೋಲಿಯೋಕಿನಲ್ಲಿ ಸರದಿಯಂತೆ ಗುಡಿಸಿದ ಕೈಗಳಿಗೆ ಇದು ಹೊಸದಲ್ಲ. ಕಷ್ಟವಾದುದು ಬೇರೆ. ಹುಡುಗಿಯರಿಗೆ ಸುಳ್ಳು ಹೇಳುವುದೂ ಸಣ್ಣ ವಸ್ತುಗಳನ್ನು ಎತ್ತಿಕೊಳ್ಳುವುದೂ ತಪ್ಪಾಗಿಯೇ ತೋರುತ್ತಿರಲಿಲ್ಲ. ಮೇಜಿನ ಮೇಲಿನ ಗುಂಡುಸೂಜಿಗಳು ಬೆನ್ನು ತಿರುಗಿಸಿದೊಡನೆ ಮಾಯವಾಗುವುವು. ಕೇಳಿದರೆ ಎಲ್ಲರೂ ಅರಿಯೆವೆನ್ನುವರು. ಕಳ್ಳತನದ ಮೇಲೆ ಸುಳ್ಳನ್ನೂ ಕಟ್ಟಬಾರದೆಂದು ಫಿಸ್ಕ್ ಅಮ್ಮನವರು ಕಣ್ಣಾರೆ ಕಾಣದ ಹೊರತು ಕೇಳುವುದನ್ನೇ ಬಿಟ್ಟುಬಿಟ್ಟರು. ಈ ಉಪಾಯವನ್ನು ಉಪಾಧ್ಯಾಯಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಗಮನಿಸಬೇಕು. ಒಂದು ದಿನ ಆಗತಾನೆ ಇಟ್ಟಿದ್ದ ಸೂಜಿಗಳು ಕಾಣೆಯಾಗಲು, ಎಲ್ಲರನ್ನೂ ಮೊಣಕಾಲೂರಿಸಿ, ತೆಗೆದವರನ್ನು ದೇವರೇ ತೋರಿಸಿಕೊಡಲಿ ಎಂದು ಪ್ರಾರ್ಥಿಸಿದರು. ಎದ್ದು ನಿಲ್ಲುವಾಗ ಒಬ್ಬ ಹುಡುಗಿಯು ತನ್ನ ಟೊಪ್ಪಿಗೆಯನ್ನು ಕೈಯಿಂದ ಮುಟ್ಟಿ ನೋಡಿಕೊಂಡಳು. ಸೂಜಿಗಳು ಅದರೊಳಗೇ ಇದ್ದುವು. ಬೆರಗಾದ ಹುಡುಗಿಯರ ಮನಸ್ಸಿನಲ್ಲಿ ಈ ಸಂಗತಿಯು ಬಹಳ ಕಾಲ ನಿಂತಿತು. ಆದರೂ ಈ ಕಾಲದಲ್ಲಿ ತಾನು ಬಹಳ ಬಲಹೀನಳೆಂದು ತೋರುತ್ತಿರುವುದನ್ನು ಅವರು ಕಾಗದದಲ್ಲಿ ಮುಚ್ಚಿಡಲಿಲ್ಲ. ಇಂಥ ಕಾಗದವನ್ನು ಓದಿದ ಷೆಲ್ಬರ್ನಿನ ತಾಯಿಯು ಮಗಳನ್ನು ಹಿಂದಕ್ಕೆ ಕರೆಯಲಿಲ್ಲವೆಂಬುದೂ ಈ ಚರಿತ್ರೆಗೆ ಸೇರಬೇಕಾದ ಮಾತು.

ಹೊರಗಿನ ವಿಘ್ನಗಳನ್ನು ಬೇಗನೆ ಹೇಳಿಬಿಡುತ್ತೇನೆ. 1844ರಲ್ಲಿ ಮಹಾಧ್ಯಕ್ಷರ ಮನೆತನದವರ ವಿರೋಧದಿಂದ ಶಾಲೆಯನ್ನು ಕೆಲವು ಕಾಲ ಮುಚ್ಚಬೇಕಾಯಿತು. ಮನೆಗೆ ಹೋಗಿರೆಂದಾಗ ಹುಡುಗಿಯರು ಅತ್ತರು. ಒಂದು ವರ್ಷದ ಹಿಂದೆ ಮನೆ ಬಿಟ್ಟು ಬರಲು ಅತ್ತವರೂ ಇವರೇ. 1847ರಲ್ಲಿ ವಾಂತಿಭೇದಿಯ ಮಾರಿಯು ಪಟ್ಟಣವನ್ನು ಹೊಕ್ಕಿತು. 1848ರಲ್ಲಿ ಮತ್ತೆ ವಿರೋಧ. ಪ್ರತಿಸಾರಿಯೂ ಶಾಲೆಯು ಚೆದರಿ ಪ್ರತಿಸಾರಿಯೂ ಕೂಡಿತು. 1847ರ ಕೊನೆಯಲ್ಲಿ ಮೌಂಟ್ ಹೋಲಿಯೋಕಿನಿಂದಲೇ ಮೇರಿ ಸೂಸನ್ ರೈಸ್ ಎಂಬವರು ಸಹಾಯಕ್ಕೆ ಬಂದು, ಮುಂದೆ ಎಷ್ಟೋ ವರ್ಷ ಜೊತೆಗೂಡಿ ದುಡಿದರು. ಮಿಷನಿನ ಅಚ್ಚುಕೂಟದಿಂದ ಆಡುಮಾತಿನ ಸುರಿಯಾನಿಯಲ್ಲಿ ಹೊಸ ಒಡಂಬಡಿಕೆಯು 1846ರಲ್ಲಿಯೂ ಹಳೆಯ ಒಡಂಬಡಿಕೆಯು 1852ರಲ್ಲಿಯೂ ಹೊರಟುವು. ಹುಡುಗಿಯರಿಗೆ ತಿಳಿಯುವ ಮಾತಿನಲ್ಲಿ ಓದಲು ಪುಸ್ತಕ ಸಿಕ್ಕಿತು.

1846ನೆಯ ಜನವರಿಯಲ್ಲಿ ಆ ಶಾಲೆಯಲ್ಲಿ ನಡೆದುದು ಎಲ್ಲರಿಗೂ ಅನಿರೀಕ್ಷಿತ. ಸಾನುಮ್ ಮತ್ತು ಸಾರಾ ಎಂಬ ಇಬ್ಬರು ಹುಡುಗಿಯರು ತಮ್ಮ ಪಾಪಗಳಿಗಾಗಿ ದುಃಖಪಟ್ಟು, ಪ್ರಾರ್ಥಿಸಲು ಒಂದು ಏಕಾಂತ ಸ್ಥಳವನ್ನು ಕೇಳಿಕೊಂಡು ಬಂದರು. ಮೆಲ್ಲಗೆ ಇತರರೂ ಬಂದರು. ಸೌದೆಯ ಕೋಣೆಯೂ ಪ್ರಾರ್ಥನೆಯ ಕೋಣೆಯಾಯಿತು. ಮುಂದಿನ ತಿಂಗಳಲ್ಲಿ ಗುವೆರ್ಗಿಸನೆಂಬ ಬೆಟ್ಟದ ಸೀಮೆಯವನು, ಬಂದೂಕು ಕಠಾರಿಗಳನ್ನು ಧರಿಸಿ, ಶಾಲೆಯಲ್ಲಿ ಬಿಟ್ಟಿದ್ದ ಮಗಳನ್ನು ನೋಡಲು ಬಂದನು. ಒರಟನೆಂದು ಸುತ್ತಮುತ್ತ ಹೆಸರಾದವನು. ಅಳುತ್ತ ಪ್ರಾರ್ಥಿಸುವ ಹುಡುಗಿಯರನ್ನು ನೋಡಿ ಪರಿಹಾಸ್ಯ ಮಾಡಿದನು. ತನ್ನ ಮಗಳೇ ತನಗಾಗಿ ಪ್ರಾರ್ಥಿಸುವುದನ್ನು ಕೇಳಿ ಮಾತ್ರ ಸೈರಿಸಲಾರದೆ ಹೋದನು. ಬಂದವನು ಬೇರೆ, ಹಿಂದಿರುಗಿದವನು ಬೇರೆ. ಹತ್ತು ವರ್ಷ, ತಾನು ಸಾಯುವ ತನಕ, ಬೆಟ್ಟದ ಹಳ್ಳಿಗಳಲ್ಲಿ ಸುವಾರ್ತೆಯನ್ನು ಸಾರಿಕೊಂಡು ನಡೆದನು. ಮಗಳನ್ನು ಕೊಟ್ಟ ತಂದೆಗೆ ಮಗಳು ಹೀಗೆ ಪ್ರತಿಫಲ ಕೊಟ್ಟಳು.

ಸಾರಾ ಅದೇ ವರ್ಷದ ಜೂನ್ ತಿಂಗಳಲ್ಲಿ ಕ್ಷಯರೋಗದಿಂದ ತೀರಿಹೋದಳು. ಬೋರ್ಡಿಂಗಿನಲ್ಲಿ ಒಬ್ಬ ಹುಡುಗಿಯು ಹೋದರೆ ಆ ಮಂಚವನ್ನು ಮತ್ತೊಬ್ಬಳಿಗೆ ಕೊಡಲು ಎಷ್ಟು ದಿನ ಕೈ ಬಾರದೆಂಬುದನ್ನು ಅನುಭವಿಸಿದವರೇ ಬಲ್ಲರು. ಕಾಯುವೆನೆಂದು ಕೈಯಲ್ಲಿ ತೆಗೆದುಕೊಂಡ ಮಕ್ಕಳನ್ನು ಎಲ್ಲದರಿಂದಲೂ ಕಾಯಲಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಬಿಡಲಾರೆ. ಗೇಯೋಗ್ ತಪವೆಂಬ ದೊಡ್ಡ ಹಳ್ಳಿಯ ದೇವಾಲಯಕ್ಕೆ ಫಿಸ್ಕ್ ಅಮ್ಮನವರು ಒಂದು ಆದಿತ್ಯವಾರ ಹೋಗಿದ್ದರು. ಬೆಳಗಿನಿಂದ ಹೆಂಗಸರೊಡನೆ ಮಾತಾಡಿ ಬಳಲಿ, ಮಧ್ಯಾಹ್ನದ ಆರಾಧನೆಯಲ್ಲಿ ನೆಲದ ಚಾಪೆಯ ಮೇಲೆ ಒರಗಲು ಏನೂ ಇಲ್ಲದೆ ಕುಳಿತಿದ್ದರು. ಆಗ ಒಬ್ಬ ಹೆಂಗಸು ಮೆಲ್ಲನೆ ಬಂದು ಬೆನ್ನ ಹಿಂದೆ ಕುಳಿತು, ತನ್ನ ಮೇಲೆ ಒರಗಿಕೊಳ್ಳಿರೆಂದಳು. ಇವರು ಸಂಕೋಚದಿಂದ ಸ್ವಲ್ಪ ಒರಗಿದರು. ಪ್ರೀತಿಯಿದ್ದರೆ ಭಾರವನ್ನೆಲ್ಲ ಬಿಟ್ಟು ಒರಗಬೇಕೆಂದು ಆಕೆಯು ಹಠಮಾಡಿದಳು. ಕೊಡುವುದಕ್ಕಾಗಿಯೇ ಬಂದೆನೆಂದುಕೊಂಡವರಿಗೆ ತೆಗೆದುಕೊಳ್ಳುವುದನ್ನು ಕಲಿಸಿದ ಆ ಹೆಂಗಸಿನ ಹೆಸರು ಉಳಿಯಲಿಲ್ಲ. ಈ ಸಂಗತಿಯು ಮಾತ್ರ ಸಮುದ್ರಗಳನ್ನು ದಾಟಿ, ಫಿಸ್ಕ್‌ರವರ ಹೆಸರನ್ನೇ ಕೇಳದ ಎಷ್ಟೋ ಜನರ ಬಾಯಲ್ಲಿ ಹಬ್ಬಿತು.

ದೂರದೇಶದಿಂದ ಹೋಗುವ ಕಾಗದಗಳಂತೆ ಅಲ್ಲಿಗೆ ಬರುವ ಕಾಗದಗಳೂ ತಡವಾಗಿ ಬರುವುವು. ಮೇರಿ ಲೈಯನ್‌ರವರು 1849ನೆಯ ಮಾರ್ಚ್ 5ರಂದು ಮೃತರಾದರು. ಆ ಸುದ್ದಿಯು ಊರ್ಮಿಯಕ್ಕೆ ಬಂದು ಸೇರುವ ತನಕ ಶಿಷ್ಯಳು ಗುರುವನ್ನು ಜೀವಂತರೆಂದೇ ಭಾವಿಸಿ ಕೆಲಸ ಮಾಡುತ್ತಿದ್ದಳು.

ವರ್ಷಗಳು ಕಳೆದಂತೆ ಮಗಳನ್ನು ಬೇಡುವ ಕಷ್ಟವು ತಪ್ಪಿತು, ತಾಯಿತಂದೆಗಳೇ ಕರೆತರತೊಡಗಿದರು. ಶಾಲೆಯಲ್ಲಿ ಕಲಿತವರು ಹಳ್ಳಿಗಳಲ್ಲಿ ತಾವೇ ಚಿಕ್ಕ ಶಾಲೆಗಳನ್ನು ನಡೆಸಿದರು. ಅತ್ತೆಗೆ ಅಕ್ಷರ ಕಲಿಸಿದ ಸೊಸೆಯರೂ ಉಂಟು. ಆದರೆ ಫಿಸ್ಕ್ ಅಮ್ಮನವರ ದೇಹವು ಸೋತಿತ್ತು. 1858ನೆಯ ಜುಲೈ 15ರಂದು ಅವರು ಊರ್ಮಿಯವನ್ನು ಬಿಟ್ಟರು. ಹೊರಡುವ ಮುಂಚೆ ಹಳೆಯ ವಿದ್ಯಾರ್ಥಿನಿಯರು ಹಳ್ಳಿಗಳಿಂದ ಬಂದು, ತಾವು ಚಿಕ್ಕವರಾಗಿದ್ದಾಗ ಬೇತೇಲೆಂದು ಹೆಸರಿಟ್ಟಿದ್ದ ಅವರ ಕೋಣೆಯಲ್ಲಿ ಕೂಡಿ ಪ್ರಾರ್ಥಿಸಿದರು. ಅನೇಕರು ಮಕ್ಕಳ ತಾಯಿಯರಾಗಿದ್ದರು. ಆ ಡಿಸೆಂಬರದಲ್ಲಿ ಹಡಗು ಬಾಸ್ಟನ್ ರೇವನ್ನು ಮುಟ್ಟಿತು. ಹೋಗುವಾಗ ಇಪ್ಪತ್ತಾರು, ಬರುವಾಗ ನಲವತ್ತೆರಡು ವರ್ಷ.

ಇನ್ನು ಮೇಲೆ ಕಾಗದಗಳ ದಾರಿಯು ತಿರುಗಿತು. ಒಂದು ಕಾಲದಲ್ಲಿ ಅಕ್ಷರವೆಂದರೆ ನಕ್ಕವರ ಹೆಣ್ಣುಮಕ್ಕಳು ಊರ್ಮಿಯದಿಂದ ಸುರಿಯಾನಿಯಲ್ಲಿ ಅಮೇರಿಕೆಗೆ ಕಾಗದ ಬರೆದರು. ಫಿಸ್ಕ್ ಅಮ್ಮನವರಿಗೂ, ತಾವು ಕಣ್ಣಿಂದ ಕಾಣದ ಮೌಂಟ್ ಹೋಲಿಯೋಕಿನ ವಿದ್ಯಾರ್ಥಿನಿಯರಿಗೂ ಬರೆದರು. ಇವುಗಳಲ್ಲಿ ಕೆಲವು ತಾಮಸ್ ಲಾರಿ ಎಂಬವರು 1863ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸೇರಿವೆ. ಮಗಳನ್ನು ದೂರಕ್ಕೆ ಕಳುಹಿಸಿದ ಮನೆಯವರು ಹದಿನೈದು ವರ್ಷ ಅಂಚೆಯನ್ನು ಕಾದಂತೆ ಈಗ ಮಗಳು ತನ್ನ ಹೆಣ್ಣುಮಕ್ಕಳ ಅಂಚೆಯನ್ನು ಕಾಯಬೇಕಾಯಿತು.

ಆರೋಗ್ಯ ಕೂಡಿಬಂದರೆ ಮರಳಿ ಪಾರಸಿಕಕ್ಕೆ ಹೋಗುವ ಆಸೆಯಿತ್ತು, ಅದು ಕೂಡಿಬರಲಿಲ್ಲ. ಅವರು ಮೌಂಟ್ ಹೋಲಿಯೋಕಿನಲ್ಲಿ ಇದ್ದು ಹುಡುಗಿಯರ ನಡುವೆ ಕೆಲಸಮಾಡಿದರು. ಮುಖ್ಯೋಪಾಧ್ಯಾಯಿನಿಯ ಪದವಿಯನ್ನು ಕೊಡಬಂದಾಗ ಒಲ್ಲೆನೆಂದರು. ಮೇರಿ ಲೈಯನ್‌ರವರ ವಿಷಯವಾಗಿ ತಾವು ನೆನೆದುದನ್ನು ಬರೆಯತೊಡಗಿದ್ದರು. ಆ ಪುಸ್ತಕವು 1866ರಲ್ಲಿ ಹೊರಬಂದಾಗ ನೋಡಲು ಅವರಿರಲಿಲ್ಲ. 1864ನೆಯ ಜುಲೈ 26ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ, ಹುಟ್ಟಿದ ಊರಾದ ಷೆಲ್ಬರ್ನಿನಲ್ಲಿಯೇ ಅವರು ನಿದ್ರೆಹೋದರು.

ಊರ್ಮಿಯದ ಶಾಲೆಗೆ ಮುಂದೆ ಅವರ ಹೆಸರನ್ನೇ ಇಟ್ಟರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರ ಬೇಸಗೆಯಲ್ಲಿ, ಆ ಸೀಮೆಯ ಅಸ್ಸೀರಿಯರು ಸಾವಿರಾರು ಮಂದಿ ಮನೆಮಾರುಗಳನ್ನು ತೊರೆದು ತೆಂಕಣಕ್ಕೆ ಓಡಬೇಕಾಯಿತು. ದಾರಿಯಲ್ಲಿ ಸತ್ತವರಿಗೆ ಲೆಕ್ಕವಿಲ್ಲ. ಬದುಕಿದವರ ಮಕ್ಕಳು ಮೊಮ್ಮಕ್ಕಳು ಈಗ ಎಷ್ಟೋ ದೇಶಗಳಲ್ಲಿ ಹರಡಿದ್ದಾರೆ. ಡಿ. ಟಿ. ಫಿಸ್ಕ್ ಎಂಬ ಬೋಧಕರು 1868ರಲ್ಲಿ ಫಿಸ್ಕ್ ಅಮ್ಮನವರ ಜೀವಿತವನ್ನು ಬರೆಯುವಾಗ ಅವರ ಕಾಗದಗಳನ್ನೇ ಆಧಾರವಾಗಿ ಇಟ್ಟುಕೊಂಡರು. ಆ ಕಾಗದಗಳಲ್ಲಿ ಹಲವನ್ನು ಮೌಂಟ್ ಹೋಲಿಯೋಕಿನ ದಫ್ತರಖಾನೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.